ನಕ್ಷತ್ರಿಕನ ಬೆನ್ನಟ್ಟು, ವಿಜ್ಞಾನೇಶ್ವರನ ತಡೆಗೋಡೆ: ಸಾಲಗಾರನ ಮನೆಯನ್ನು ಕುರಿತ ಎರಡು ಕನ್ನಡನಾಡಿನ ನೋಟಗಳು

ಬಿಡದೆ ಬೆನ್ನುಹತ್ತಿ ಸಾಲ ಕೇಳುವವನನ್ನು ಕನ್ನಡಿಗರು ಇಂದಿಗೂ 'ನಕ್ಷತ್ರಿಕ' ಎಂದೇ ಕರೆಯುತ್ತಾರೆ. ಪುರಾಣಪಾತ್ರವೊಂದು ಸಾಲವಸೂಲಿಯ ಪರ್ಯಾಯನಾಮವಾಗಿ ಆಡುಮಾತಿನಲ್ಲಿ ನೆಲೆನಿಂತದ್ದು ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಂತಹ ಕೃತಿಯ ಬಲದಿಂದ. ಆ ಕಾವ್ಯವನ್ನು ಸತ್ಯದ ಮಹಿಮೆಯ ಕಥನವಾಗಿ ನಾವು ಓದುತ್ತ ಬಂದಿದ್ದೇವೆ. ಅದು ಹಾಗೆಯೇ ಹೌದು. ಆದರೆ ಅದು ಒಂದು ಸಾಲದ ಕಥೆಯೂ ಹೌದು. ಸಾಲಕ್ಕಾಗಿ ಒಬ್ಬ ಮನುಷ್ಯನು ಮನೆ, ಮಡದಿ, ಮಗ, ಕೊನೆಗೆ ತನ್ನ ಮೈಯನ್ನೂ ಕಳೆದುಕೊಳ್ಳುವ ಕಥೆ. ಈ ಬರಹದಲ್ಲಿ ಆ ಕಾವ್ಯವನ್ನು ಅದಕ್ಕಿಂತ ಸುಮಾರು ಒಂದು ಶತಮಾನ ಹಿಂದೆ ಕನ್ನಡನಾಡಿನಲ್ಲಿಯೇ ರಚಿತವಾದ ಧರ್ಮಶಾಸ್ತ್ರಗ್ರಂಥವೊಂದರ ಪಕ್ಕದಲ್ಲಿಟ್ಟು ನೋಡುವುದು ನನ್ನ ಉದ್ದೇಶ. ಆ ಗ್ರಂಥ ವಿಜ್ಞಾನೇಶ್ವರನ 'ಮಿತಾಕ್ಷರಾ'. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವದು.

ಮೊದಲು ಒಂದು ಪದದ ವಿಚಾರ. 'ಸಾಲಗಾರ' ಎಂಬುದು ಕನ್ನಡದಲ್ಲಿ ಸಾಲ ಪಡೆದವನಿಗೂ ಸಲ್ಲುತ್ತದೆ, ಕೊಟ್ಟವನಿಗೂ ಸಲ್ಲುತ್ತದೆ. ಗೊಂದಲ ತಪ್ಪಿಸಲು ಇಲ್ಲಿ ಪಡೆದವನನ್ನು ಸಾಲಗಾರನೆಂದೂ ಕೊಟ್ಟವನನ್ನು ಸಾಲಿಗನೆಂದೂ ಕರೆದಿದ್ದೇನೆ. ಶಾಸ್ತ್ರದ ಭಾಷೆಯಲ್ಲಿ ಇವರು ಕ್ರಮವಾಗಿ ಅಧಮರ್ಣ, ಉತ್ತಮರ್ಣ. ಯಾರ ಕೈ ಮೇಲಿದೆಯೆಂಬುದನ್ನು ಈ ಹೆಸರುಗಳೇ ಹೇಳುತ್ತವೆ.

'ಮಿತಾಕ್ಷರಾ'ದ ಋಣಾದಾನ ಪ್ರಕರಣವು ಸಾಲಗಾರನ ಪರವಾಗಿ ಆರಂಭವಾಗುವುದಿಲ್ಲ. ಒಪ್ಪಿಕೊಂಡ ಸಾಲವನ್ನು ಸಾಲಿಗನು ತಾನೇ ವಸೂಲು ಮಾಡಿದರೆ ಅರಸನು ಅವನನ್ನು ಆಕ್ಷೇಪಿಸಬಾರದು. ಹಾಗೆ ವಸೂಲು ಮಾಡುವಾಗ ಸಾಲಗಾರನೇ ಅರಸನಲ್ಲಿ ದೂರಿತ್ತರೆ ಅವನು ಸಾಲವನ್ನೂ ಕೊಡಬೇಕು, ದಂಡವನ್ನೂ ತೆರಬೇಕು. ವಸೂಲಿಗೆ ಮನು ಹೇಳಿದ ಐದು ಉಪಾಯಗಳನ್ನು ವಿಜ್ಞಾನೇಶ್ವರನು ಇಲ್ಲಿ ವಿವರಿಸುತ್ತಾನೆ: ಪ್ರೀತಿಯ ಹಾಗೂ ಸತ್ಯದ ಮಾತಿನ ಧರ್ಮ, ಸಾಕ್ಷಿ-ಪತ್ರಗಳ ವ್ಯವಹಾರ, ಹಬ್ಬದ ನೆಪದಲ್ಲಿ ಆಭರಣ ಪಡೆದು ಹಿಂದಿರುಗಿಸದಿರುವ ಛಲ, ಉಪವಾಸ ಕುಳಿತುಕೊಳ್ಳುವ ಆಚರಿತ, ಸಂಕೋಲೆ ಮೊದಲಾದವುಗಳ ಬಲ. ಇವುಗಳಲ್ಲಿ ಛಲವೂ ಆಚರಿತವೂ ಸಾಲಗಾರನ ಮನೆಯ ಹೊಸ್ತಿಲನ್ನೇ ಗುರಿಯಾಗಿಸಿಕೊಂಡವು. ಬಾಗಿಲಲ್ಲಿ ಧರಣಿ ಕೂರುವ ಪದ್ಧತಿ ಎಷ್ಟು ದೀರ್ಘಕಾಲ ಬಾಳಿತೆಂದರೆ, 1860ರ ಭಾರತೀಯ ದಂಡಸಂಹಿತೆಯ 508ನೆಯ ಕಲಮು ದೈವಕೋಪದ ಭಯ ಹುಟ್ಟಿಸುವ ಅಪರಾಧಕ್ಕೆ ಇದನ್ನೇ ಉದಾಹರಣೆಯಾಗಿ ಕೊಡಬೇಕಾಯಿತು. ಹೊಸ್ತಿಲನ್ನು ಹೀಗೆ ತೆರೆದಿಟ್ಟ ಶಾಸ್ತ್ರವೇ ಮನೆಯ ಒಳಭಾಗಕ್ಕೆ ಕೆಲವು ಗೋಡೆಗಳನ್ನು ಕಟ್ಟಿತು. ಅವು ನಾಲ್ಕು.

ಮೊದಲನೆಯದು ಬಡ್ಡಿಯ ಮಿತಿ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ಬಡ್ಡಿಯ ದರ. ಕೂಡಿಬಂದ ಬಡ್ಡಿಗೂ ಮೇರೆಯಿದೆ: ಹೊನ್ನಿನ ಸಾಲ ಇಮ್ಮಡಿಯನ್ನೂ ಧಾನ್ಯದ್ದು ಮುಮ್ಮಡಿಯನ್ನೂ ಬಟ್ಟೆಯದು ನಾಲ್ವಡಿಯನ್ನೂ ಮೀರುವಂತಿಲ್ಲ. ಮುಂದೆ 'ದಾಮ್‌ದುಪಟ್' ಎಂಬ ಹೆಸರಿನಲ್ಲಿ ನ್ಯಾಯಾಲಯಗಳಿಗೆ ಪರಿಚಿತವಾದ ನಿಯಮದ ಬೇರು ಇದೇ.

ಎರಡನೆಯದು ಒತ್ತೆಯ ನಿಯಮ. ಕಾಪಿಡುವ ಒತ್ತೆಯನ್ನು ಸಾಲವು ಇಮ್ಮಡಿಯಾಗುವಷ್ಟರಲ್ಲಿ ಬಿಡಿಸಿಕೊಳ್ಳದಿದ್ದರೆ ಅದು ಸಾಲಿಗನ ಪಾಲು. ಆದರೆ ಫಲವನ್ನು ಅನುಭವಿಸಲೆಂದು ಕೊಟ್ಟ ಭೋಗ್ಯದ ಒತ್ತೆ ಎಂದಿಗೂ ಕೈತಪ್ಪುವುದಿಲ್ಲ. ಹೊಲದ ಬೆಳೆಯನ್ನು ಸಾಲಿಗ ಎಷ್ಟು ವರ್ಷ ಉಂಡರೂ, ಅಸಲನ್ನು ತೆತ್ತ ದಿನ ಹೊಲ ಒಡೆಯನಿಗೇ ಮರಳಬೇಕು. ಬೆಂಗಳೂರಿನಲ್ಲಿ ಇಂದಿಗೂ ಮನೆಯನ್ನು 'ಭೋಗ್ಯಕ್ಕೆ' ಕೊಡುವವರೂ ಪಡೆಯುವವರೂ ಇದ್ದಾರೆ. ಹಣ ಮರಳಿಸಿದ ದಿನ ಮನೆ ಮರಳುತ್ತದೆಂಬ ಒಪ್ಪಂದದ ತಿರುಳೂ, ಆ ಪದವೂ ಈ ಪ್ರಕರಣದ ನೆರಳಿನಲ್ಲಿಯೇ ಇವೆ.

ಮೂರನೆಯದು ಸಾಲದ ಹೊಣೆಯ ಎಲ್ಲೆ. ಗಂಡನ ಸಾಲವನ್ನಾಗಲಿ ಮಗನ ಸಾಲವನ್ನಾಗಲಿ ಹೆಣ್ಣು ತೀರಿಸಬೇಕಾಗಿಲ್ಲ. ಕುಟುಂಬಕ್ಕಾಗಿ ಮಾಡಿದ ಸಾಲದ ಮಾತು ಬೇರೆ. ತಂದೆಯ ಸಾಲವನ್ನು ಮಗ ತೀರಿಸಬೇಕು, ಆದರೆ ಹೆಂಡ, ಕಾಮ, ಜೂಜುಗಳಿಗಾಗಿ ಮಾಡಿದ್ದನ್ನು, ಉಳಿದ ದಂಡ-ಸುಂಕಗಳನ್ನು, ವ್ಯರ್ಥದಾನದ ವಾಗ್ದಾನವನ್ನು ಅವನು ತೀರಿಸಬೇಕಾಗಿಲ್ಲ.

ನಾಲ್ಕನೆಯದು ಸಾಲಗಾರನು ಬರಿಗೈಯಾದಾಗಿನ ವಿಧಿ. ಇಲ್ಲಿ ಶಾಸ್ತ್ರದ ಮಾತು ಎರಡು ಮುಖದ್ದು. ಕ್ಷೀಣಿಸಿದ ಬ್ರಾಹ್ಮಣನಿಂದ ವರಮಾನ ಬಂದಂತೆ ಮೆಲ್ಲಮೆಲ್ಲನೆ ಪಡೆಯಬೇಕು. ಕೆಳಜಾತಿಯವನಿಂದ ಸಾಲಕ್ಕೆ ಪ್ರತಿಯಾಗಿ ದುಡಿಸಿಕೊಳ್ಳಬಹುದು. ವಿಜ್ಞಾನೇಶ್ವರನು ಆ ದುಡಿಮೆಯು ಅವನ ಕುಟುಂಬಕ್ಕೆ ಬಾಧಕವಾಗಬಾರದೆಂಬ ಷರತ್ತನ್ನು ಸೇರಿಸುತ್ತಾನೆ. ಷರತ್ತು ಮಾನವೀಯವಾದುದು. ಆದರೆ ಒಬ್ಬನಿಗೆ ಕಂತು, ಇನ್ನೊಬ್ಬನಿಗೆ ಜೀತ ಎಂಬ ಭೇದವನ್ನು ಅದು ಅಳಿಸಲಿಲ್ಲ. ಈ ಗೋಡೆ ಎಲ್ಲರ ಮನೆಗೂ ಒಂದೇ ಎತ್ತರದ್ದಾಗಿರಲಿಲ್ಲವೆಂಬುದನ್ನು ಮರೆತು ನಮ್ಮ ಹಳೆಯ ಶಾಸ್ತ್ರಗಳನ್ನು ಹೊಗಳುವುದು ಇತಿಹಾಸವಾಗದು.

ಇನ್ನು ಹರಿಶ್ಚಂದ್ರನ ಬಳಿಗೆ ಬರೋಣ. ಯಾಗದ ನೆಪದಲ್ಲಿ ವಿಶ್ವಾಮಿತ್ರನು ಅಪಾರ ಹೊನ್ನನ್ನು ಬೇಡಿ, ಪಡೆದು, ಬೇಕಾದಾಗ ಒಯ್ಯುವೆನೆಂದು ಅರಸನಲ್ಲಿಯೇ ಇರಿಸುತ್ತಾನೆ. ಮುಂದೆ ಅನಾಮಿಕೆಯರನ್ನು ವರಿಸಲೊಪ್ಪದ ಅರಸನು ರಾಜ್ಯವನ್ನೇ ಧಾರೆಯೆರೆಯುತ್ತಾನೆ. ಆಗ ಮುನಿ ಹಿಂದಿನ ಹೊನ್ನನ್ನು ಕೇಳುತ್ತಾನೆ. ಭಂಡಾರ ಈಗ ಮುನಿಯದೇ ಆದುದರಿಂದ ಅರಸನು ಬೇರೆ ಕಡೆಯಿಂದ ತಂದು ಕೊಡಬೇಕು. ನಕ್ಷತ್ರಿಕ ಬೆನ್ನುಹತ್ತುವುದು ಈ ಬಾಕಿಗಾಗಿ.

ಯಾಜ್ಞವಲ್ಕ್ಯನ ದತ್ತಾಪ್ರದಾನಿಕ ಪ್ರಕರಣವನ್ನು ಈ ಕಥೆಯ ಮೇಲೆ ಹಿಡಿದರೆ ಏನು ಕಾಣುತ್ತದೆ? ಆ ಪ್ರಕರಣದ ಪ್ರಕಾರ ಮನುಷ್ಯನು ತನ್ನದನ್ನು ಕುಟುಂಬಕ್ಕೆ ಕೇಡಾಗದಂತೆ ಮಾತ್ರ ಕೊಡಬಹುದು; ಹೆಂಡತಿ-ಮಕ್ಕಳನ್ನು ಕೊಡಲಾಗದು; ಸಂತಾನವಿರುವಾಗ ಸರ್ವಸ್ವವನ್ನೂ ಕೊಡಲಾಗದು; ಇನ್ನೊಬ್ಬರಿಗೆ ಮಾತುಕೊಟ್ಟದ್ದನ್ನು ಕೊಡಲಾಗದು. ನಾರದನ ಅದೇಯಗಳ ಪಟ್ಟಿಯಲ್ಲಿ ನಿಕ್ಷೇಪವೂ, ಎಂದರೆ ನಂಬಿ ಇರಿಸಿದ ಒಡವೆಯೂ, ಸೇರಿದೆ. ಈ ಅಳತೆಗೋಲಿನಿಂದ ನೋಡಿದರೆ ಲೋಹಿತಾಶ್ವನಿರುವಾಗ ರಾಜ್ಯ ಸರ್ವಸ್ವದ ದಾನವೇ ಪ್ರಶ್ನಾರ್ಹ. ಮುನಿಯ ಹೊನ್ನು ನಿಕ್ಷೇಪವಾದುದರಿಂದ ಅದು ರಾಜ್ಯದೊಡನೆ ದಾನವಾಗಿ ಹೋಗಲೇ ಇಲ್ಲ. ಮುನಿಯ ಹೊನ್ನಾಗಿಯೇ ಮುನಿಯ ಕೈಸೇರಿತು. ಹಾಗಿದ್ದರೆ ಸಾಲವೇ ಇಲ್ಲ. ಇದ್ದರೂ, ಕಾಶಿಯಲ್ಲಿ ಚಂದ್ರಮತಿ-ಲೋಹಿತಾಶ್ವರ ವಿಕ್ರಯವು ಶಾಸ್ತ್ರವು ಹೆಸರಿಟ್ಟು ತಡೆದ ಕಾರ್ಯದ ನೆರೆಯದು.

ರಾಘವಾಂಕನು 'ಮಿತಾಕ್ಷರಾ'ವನ್ನು ಎದುರಿಗಿಟ್ಟುಕೊಂಡು ಬರೆದನೆಂದು ನಾನು ಹೇಳುತ್ತಿಲ್ಲ. ಕಥೆ ಅವನಿಗಿಂತ ಬಹಳ ಹಿಂದಿನದು. ನನ್ನ ಮಾತು ಇಷ್ಟೇ: ಮಡದಿ-ಮಕ್ಕಳು ಸಾಲದ ಸರಕಲ್ಲವೆಂಬ ತಿಳಿವಳಿಕೆ ಕೇಳುಗರಲ್ಲಿ ಮೊದಲೇ ಇದ್ದುದರಿಂದಲೇ ಕಾಶಿಯ ಬೀದಿಯ ಆ ಪ್ರಸಂಗ ಎದೆ ಕಲಕುತ್ತದೆ. ಶಾಸ್ತ್ರ ಕಟ್ಟಿದ ಒಂದೊಂದು ಗೋಡೆಯನ್ನೂ ಹರಿಶ್ಚಂದ್ರನು ತನ್ನ ಕೈಯಿಂದಲೇ ಕೆಡವುತ್ತಾನೆ. ಶಾಸ್ತ್ರದ ರಕ್ಷಣೆಯನ್ನು ಬೇಡಿದ್ದರೆ ಅವನು ಗೃಹಸ್ಥನಾಗಿ ಉಳಿಯುತ್ತಿದ್ದ, ಬೇಡದಿದ್ದುದರಿಂದ ಕಾವ್ಯನಾಯಕನಾದ. ಆದರೆ ಆ ನಿರ್ಧಾರದ ಬೆಲೆಯನ್ನು ತೆತ್ತವರಲ್ಲಿ ಚಂದ್ರಮತಿಯೂ ಮಗುವೂ ಇದ್ದರು. ಶಾಸ್ತ್ರಕಾರನ ಕಾಳಜಿ ಇದ್ದುದು ಅವರ ಬಗ್ಗೆ.

ವಿಜ್ಞಾನೇಶ್ವರನು ಈ ಕಾಳಜಿಗೆ ಕೊಟ್ಟ ಆಳವಾದ ರೂಪವೆಂದರೆ ಜನ್ಮಸ್ವತ್ವವಾದ: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ ಇವುಗಳ ಹೊರತು ತಂದೆಯೊಬ್ಬನೇ ಸ್ಥಿರಾಸ್ತಿಯನ್ನು ಪರಭಾರೆ ಮಾಡುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೆ ಪರಿಚಿತವಾದ ಹೋಮ್‌ಸ್ಟೆಡ್ ಕಾನೂನುಗಳಿಗೆ ದಾರಿ ತೋರಿದ 1839ರ ಟೆಕ್ಸಾಸ್ ಶಾಸನವು ಐವತ್ತು ಎಕರೆ ನೆಲವನ್ನೋ ಪಟ್ಟಣದ ನಿವೇಶನವನ್ನೋ ಅಳೆದು ಸಾಲಿಗನಿಂದ ಬೇರ್ಪಡಿಸಿತು. 'ಮಿತಾಕ್ಷರಾ' ಮನೆಯನ್ನು ಅಳೆಯಲಿಲ್ಲ. ಅದರೊಳಗಿನವರ ಹಕ್ಕನ್ನು ಎಣಿಸಿತು. ಒಂದು ವಸ್ತುವನ್ನು ಕಾದಿತು, ಇನ್ನೊಂದು ಸಂಬಂಧವನ್ನು ಕಾದಿತು.

ಸಂಬಂಧವನ್ನು ಕಾಯುವ ಕಾನೂನಿಗೆ ಸಂಬಂಧದ ಮೂಲಕವೇ ಪೆಟ್ಟು ಬೀಳಬಹುದು. 1810ರಲ್ಲಿ ಕೋಲ್‌ಬ್ರೂಕ್ 'ಮಿತಾಕ್ಷರಾ'ದ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಗ್ರಂಥವು ನ್ಯಾಯಾಲಯಗಳ ಆಧಾರವಾಯಿತು. 1874ರಲ್ಲಿ ಗಿರಿಧಾರಿ ಲಾಲ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಮಗನ ಋಣವಿಮೋಚನದ ಕರ್ತವ್ಯವನ್ನು ಮುಂದಿಟ್ಟುಕೊಂಡು, ತಂದೆಯ ಸಾಲ ಅನೈತಿಕವಲ್ಲದಿದ್ದರೆ ಮಗನ ಪಾಲೂ ಹರಾಜಿಗೆ ಸಲ್ಲುತ್ತದೆಂದು ತೀರ್ಮಾನಿಸಿತು. ತಂದೆಯನ್ನು ಪರಲೋಕದಲ್ಲಿ ಉಳಿಸಲೆಂದಿದ್ದ ಧರ್ಮವು ಇಹಲೋಕದಲ್ಲಿ ಸಾಲಿಗನ ಕೀಲಿಕೈಯಾಯಿತು.

ಮರುವರ್ಷವೇ, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು, ಸ್ಪಷ್ಟವಾಗಿ ಅಡವಿಡದ ರೈತನ ಸ್ಥಿರಾಸ್ತಿಯನ್ನು ಜಪ್ತಿಯಿಂದ ಹೊರಗಿಟ್ಟಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆಯ ಕಾಳು, ಅವನು ವಾಸಿಸುವ ಮನೆ ಇವುಗಳನ್ನು ಜಪ್ತಿಗೆ ಸಲ್ಲದವೆಂದು ಪಟ್ಟಿಮಾಡಿತು. ಮೈಸೂರು ಸಂಸ್ಥಾನ 1928ರಲ್ಲಿ ತನ್ನದೇ ಕೃಷಿಕರ ಪರಿಹಾರ ಕಾಯಿದೆಯನ್ನು ಮಾಡಿತು. 1976ರಲ್ಲಿ ಕೇಂದ್ರದ ಜೀತಪದ್ಧತಿ ನಿರ್ಮೂಲನ ಕಾಯಿದೆಯು 'ಜೀತ'ವೆಂಬ ನಮ್ಮ ಪದವನ್ನೇ ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡು ಅದನ್ನು ನಿಷೇಧಿಸಿತು. ಬಿಡುಗಡೆಯಾದವನನ್ನು ಅವನ ವಾಸದ ನೆಲೆಯಿಂದ ಎಬ್ಬಿಸಕೂಡದೆಂದೂ ವಿಧಿಸಿತು. ವಿಜ್ಞಾನೇಶ್ವರನ ನಾಲ್ಕನೆಯ ಗೋಡೆಯ ಕುಂದು ಕಾನೂನಿನ ಮಟ್ಟದಲ್ಲಿ ತುಂಬಿದ್ದು ಆ ವರ್ಷ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿಯು, ಅನಂತರದ ಸಾಲಗಳ ಮಟ್ಟಿಗೆ, ಧಾರ್ಮಿಕ ಕರ್ತವ್ಯವೊಂದನ್ನೇ ಆಧಾರವಾಗಿಸಿ ಮಗ, ಮೊಮ್ಮಗ, ಮರಿಮಗನ ಮೇಲೆ ದಾವೆ ಹೂಡುವ ಹಕ್ಕನ್ನು ಕೊನೆಗೊಳಿಸಿತು.

ಕಲ್ಯಾಣದಲ್ಲಿ ಬರೆದ ವಾಕ್ಯಗಳ ಪ್ರಯಾಣ ಹೀಗೆ ಒಂಬತ್ತು ಶತಮಾನಗಳದು. ಆದರೂ ನಮ್ಮ ಆಡುಮಾತಿನಲ್ಲಿ ಉಳಿದ ಹೆಸರು ನಕ್ಷತ್ರಿಕನದು. ಅವನನ್ನು ಹೊಸ್ತಿಲಲ್ಲಿ ತಡೆಯುವ ನಿಯಮಗಳನ್ನು ಬರೆದವನ ಹೆಸರು ವಿದ್ವಾಂಸರ ನಾಲಗೆಯಲ್ಲಷ್ಟೇ ಇದೆ. 'ಹರಿಶ್ಚಂದ್ರಕಾವ್ಯ'ವನ್ನು ಪಾಠ ಹೇಳುವವರು ಕಾಶಿಯ ವಿಕ್ರಯದ ಭಾಗಕ್ಕೆ ಬಂದಾಗ ದತ್ತಾಪ್ರದಾನಿಕ ಪ್ರಕರಣವನ್ನೂ ಒಮ್ಮೆ ತೆರೆದು ತೋರಿಸಿದರೆ, ಚಂದ್ರಮತಿಯ ಪರವಾಗಿ ಆ ಕಾಲದಲ್ಲಿಯೂ ಹೇಳಬಹುದಾಗಿದ್ದ ಮಾತೊಂದಿತ್ತೆಂಬುದು ವಿದ್ಯಾರ್ಥಿಗಳಿಗೆ ತಿಳಿದೀತು.