ಮುಪ್ಪು, ಕಾಯ ಮತ್ತು ಕಾಯಕ: ಹುಬ್ಬಳ್ಳಿ-ಧಾರವಾಡದ ಹಿರಿಯರ ಬಾಳಿನ ಬೆಳಕಿನಲ್ಲಿ

ಭಕ್ತಿಭಂಡಾರಿ ಬಸವಣ್ಣನವರ ವಚನಗಳಲ್ಲಿ ಮುಪ್ಪನ್ನು ಕುರಿತ ವಚನವೊಂದು ನಾಡಿನ ಮನೆಮನೆಗೂ ಪರಿಚಿತವಾದುದು. ನರೆತ ತಲೆ, ಸುಕ್ಕುಗಟ್ಟಿದ ಮುಖ, ಉದುರಿದ ಹಲ್ಲು, ಬಾಗಿದ ಬೆನ್ನು, ಪರರ ಆಸರೆಗೆ ಕೈಯೊಡ್ಡುವ ದೈನ್ಯ, ಕಡೆಗೆ ಮರಣ, ಹೀಗೆ ವೃದ್ಧಾಪ್ಯದ ಚಿಹ್ನೆಗಳನ್ನು ಅಣ್ಣನವರು ಒಂದೊಂದಾಗಿ ಎಣಿಸುತ್ತಾರೆ. ಇವೆಲ್ಲ ಬರುವ ಮೊದಲೇ ಕೂಡಲಸಂಗಮದೇವನನ್ನು ಪೂಜಿಸಬೇಕೆಂದು ಎಚ್ಚರಿಸುತ್ತಾರೆ. ಈ ವಚನವನ್ನು ಕೇಳಿದ ವೃದ್ಧರ ಮನಸ್ಸಿನಲ್ಲಿ ಒಂದು ಅಳುಕು ಮೂಡುವುದು ಸಹಜ. ತಲೆ ನರೆತಾಗಿದೆ, ಬೆನ್ನು ಬಾಗಿಯೂ ಆಗಿದೆ. ಇನ್ನು ತಮ್ಮ ಪಾಲಿಗೆ ಉಳಿದುದೇನು? ಈ ಪ್ರಶ್ನೆಗೆ ಉತ್ತರವನ್ನು ದೇಹವಿಜ್ಞಾನದಲ್ಲಿಯೂ, ಹುಬ್ಬಳ್ಳಿ-ಧಾರವಾಡದ ಇತಿಹಾಸದಲ್ಲಿಯೂ ಹುಡುಕಬಹುದಾಗಿದೆ.

ಮೊದಲು ಗಮನಿಸಬೇಕಾದುದು, ದೀರ್ಘಾಯುಷ್ಯವು ಬಹುಜನರ ಪಾಲಿಗೆ ಬಂದುದು ಇತ್ತೀಚಿನ ಕಾಲದಲ್ಲಿ ಎಂಬ ಸಂಗತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತೀಯರ ಸರಾಸರಿ ಆಯುಷ್ಯ 25 ವರ್ಷಗಳ ಆಸುಪಾಸಿನಲ್ಲಿತ್ತು. ಇದರರ್ಥ ಅಂದು ಮುದುಕರೇ ಇರಲಿಲ್ಲವೆಂದಲ್ಲ. ಎಳೆಯ ಮಕ್ಕಳ ಸಾವು ಆ ಸರಾಸರಿಯನ್ನು ಕೆಳಗೆಳೆಯುತ್ತಿತ್ತು, ಕಾಲರಾ, ಸಿಡುಬು, ಪ್ಲೇಗುಗಳು ನಡುವಯಸ್ಕರನ್ನೂ ಬಿಡುತ್ತಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಹುಬ್ಬಳ್ಳಿಯನ್ನೂ ಆವರಿಸಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಚುಚ್ಚುಮದ್ದನ್ನು 1898ರಲ್ಲಿ ಹುಬ್ಬಳ್ಳಿಯ ಜನರಿಗೆ ಬಹು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಆ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಅಂದಿನಿಂದ ಉಳಿದುಬಂದಿದೆ. ಇಂದು ಸರಾಸರಿ ಆಯುಷ್ಯ 70 ವರ್ಷಗಳ ಸಮೀಪದಲ್ಲಿದೆ. 2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ಮೀರಿದವರು 10 ಕೋಟಿಗೂ ಹೆಚ್ಚು. ಹಿಂದೆ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ಮುಪ್ಪು ಇಂದು ಪ್ರತಿಯೊಂದು ಮನೆಯ ಅನುಭವವಾಗಿದೆ.

ಇನ್ನು ಅಣ್ಣನವರು ಎಣಿಸಿದ ಚಿಹ್ನೆಗಳನ್ನು ವಿಜ್ಞಾನದ ಕಣ್ಣಿನಿಂದ ನೋಡಬಹುದು. ಕೂದಲಿನ ಬುಡದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ವಯಸ್ಸಾದಂತೆ ಅವುಗಳನ್ನು ಹೊಸದಾಗಿ ಒದಗಿಸುವ ಮೂಲಕೋಶಗಳು ಕ್ಷೀಣಿಸುತ್ತವೆ. ಆಗ ಕೂದಲು ಬಣ್ಣವಿಲ್ಲದೆ ಬೆಳೆಯುತ್ತದೆ. ನರೆಯೆಂದರೆ ಬಿಳಿಯ ಬಣ್ಣ ಬಂದುದಲ್ಲ, ಇದ್ದ ಬಣ್ಣ ಬರಿದಾದುದು. ಚರ್ಮವನ್ನು ಬಿಗಿಯಾಗಿ ಹಿಡಿದ ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ನಾರುಗಳು ಸಡಿಲವಾದಾಗ ಸುಕ್ಕು ಮೂಡುತ್ತದೆ. ಬಿಸಿಲಿನಲ್ಲಿ ದುಡಿಯುವ ರೈತನ ಮುಖದಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ. ಬೆನ್ನು ಬಾಗುವುದಕ್ಕೆ ಎಲುಬಿನ ಸವಕಳಿ ಒಂದು ಮುಖ್ಯ ಕಾರಣ. ಮುಟ್ಟು ನಿಂತ ಬಳಿಕ ಹೆಣ್ಣುಮಕ್ಕಳಲ್ಲಿ ಈ ಸವಕಳಿ ಹೆಚ್ಚು ವೇಗವಾಗಿ ನಡೆಯುತ್ತದೆ. ಟೊಳ್ಳಾದ ಬೆನ್ನೆಲುಬಿನ ಮಣಿಗಳು ಕುಸಿದು ಬೆನ್ನು ಗೂನಾಗುತ್ತದೆ. ಹಲ್ಲು ಉದುರುವುದು ಮಾತ್ರ ಮುಪ್ಪಿನ ಅನಿವಾರ್ಯ ಫಲವಲ್ಲ. ಅದು ಬಹುಮಟ್ಟಿಗೆ ಒಸಡಿನ ರೋಗದ ಮತ್ತು ಹುಳುಕಿನ ಫಲ. ಎಲೆ-ಅಡಿಕೆಯೊಡನೆ ತಂಬಾಕನ್ನು ಜಗಿಯುವ ರೂಢಿಯೂ ಬಾಯಿಗೆ ಹಾನಿಯನ್ನು ತರುತ್ತದೆ.

ಈ ಎಲ್ಲ ಬದಲಾವಣೆಗಳ ಆಳದಲ್ಲಿ ಜೀವಕೋಶಗಳ ಮಿತಿಯಿದೆ. ಮಾನವನ ಸಾಮಾನ್ಯ ಜೀವಕೋಶಗಳು ಪ್ರಯೋಗಾಲಯದಲ್ಲಿ ಸುಮಾರು 50 ಬಾರಿ ಮಾತ್ರ ವಿಭಜನೆಗೊಂಡು ನಿಂತುಬಿಡುತ್ತವೆ ಎಂಬುದನ್ನು 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ರಕ್ಷಾಕವಚವು ಪ್ರತಿಯೊಂದು ವಿಭಜನೆಯಲ್ಲಿಯೂ ಸವೆಯುತ್ತದೆಂಬುದು ಅನಂತರ ತಿಳಿದುಬಂದಿತು. ಅದರ ಕಾರ್ಯವನ್ನು ಬಿಡಿಸಿ ತೋರಿದ ಮೂವರು ವಿಜ್ಞಾನಿಗಳಿಗೆ 2009ರ ನೊಬೆಲ್ ಪ್ರಶಸ್ತಿ ಸಂದಿತು. ಕಾಯವು ಅಳಿಯತಕ್ಕದ್ದೆಂದು ಶರಣರು ಅನುಭಾವದಿಂದ ಕಂಡ ಸತ್ಯವನ್ನು ವಿಜ್ಞಾನವು ತನ್ನ ದಾರಿಯಲ್ಲಿ ನಡೆದು ಮುಟ್ಟಿದೆ.

ಆದರೆ ಕಾಯ ಸವೆಯುತ್ತದೆ ಎಂಬುದರಿಂದ ಕಾಯಕವೂ ನಿಲ್ಲಬೇಕೆಂದು ಆಗುವುದಿಲ್ಲ. ಜೀವನವನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿ ಮುಪ್ಪಿನಲ್ಲಿ ಕಾಡಿಗೆ ತೆರಳಬೇಕೆಂಬ ಪದ್ಧತಿಯನ್ನು ಶರಣರು ಒಪ್ಪಲಿಲ್ಲ. ಅವರ ಕಾಯಕ-ದಾಸೋಹಗಳಿಗೆ ವಯಸ್ಸಿನ ಗಡಿಯಿಲ್ಲ. ಷಟ್‍ಸ್ಥಲದ ಮೆಟ್ಟಿಲುಗಳನ್ನು ವರ್ಷಗಳ ಲೆಕ್ಕದಿಂದ ಏರುವುದೂ ಇಲ್ಲ. ಈ ಮಾತಿಗೆ ಧಾರವಾಡದ ನೆಲವು ಸಾಕ್ಷಿಗಳನ್ನು ಕೊಟ್ಟಿದೆ.

ವಚನ ಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಹುಬ್ಬಳ್ಳಿಯಲ್ಲಿ ಪ್ಲೇಗಿನ ಚುಚ್ಚುಮದ್ದು ನಡೆದಾಗ ಅವರು ಹದಿನೆಂಟರ ತರುಣ. ಮುಂದೆ ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದರು. ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ, ಓದಿ, ಒಪ್ಪಗೊಳಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದು 1923ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ. ವಚನಗಳ ಮುದ್ರಣಕ್ಕಾಗಿ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಅವರ ಬಾಳು ಸುಳ್ಳುಮಾಡಿತು. ಅರವತ್ತು ದಾಟಿತು, ಎಪ್ಪತ್ತು ದಾಟಿತು, ‘ಶಿವಾನುಭವ’ದ ಕಾಯಕ ನಿಲ್ಲಲಿಲ್ಲ. 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿದಾಗ ಅವರಿಗೆ 76 ವರ್ಷ. ಗೌರವ ಬಂದಿತೇ ಹೊರತು ಸಿರಿ ಬರಲಿಲ್ಲ. ಸರಳತೆಯಲ್ಲಿಯೇ ಬಾಳಿ 1964ರ ಜೂನ್ 29ರಂದು ಲಿಂಗೈಕ್ಯರಾದರು. ಮುಪ್ಪನ್ನು ಕುರಿತ ಬಸವಣ್ಣನವರ ವಚನವನ್ನು ಇಂದು ಸಾಮಾನ್ಯ ಭಕ್ತನೂ ಪುಸ್ತಕ ತೆರೆದು ಓದಬಲ್ಲನಾದರೆ ಅದರ ಹಿಂದೆ ಈ ವೃದ್ಧರ ದುಡಿಮೆಯಿದೆ.

ಎರಡನೆಯ ಸಾಕ್ಷಿ ಪಂಡಿತ ಮಲ್ಲಿಕಾರ್ಜುನ ಮನಸೂರರದು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಜನಿಸಿದ ಅವರು ನೀಲಕಂಠಬುವಾ ಆಲೂರಮಠರಲ್ಲಿಯೂ, ಅನಂತರ ಜಯಪುರ-ಅತ್ರೌಲಿ ಘರಾಣೆಯ ಮಂಜಿಖಾನ್, ಬುರ್ಜಿಖಾನ್ ಸಹೋದರರಲ್ಲಿಯೂ ಕಲಿತರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಚಲವಾದ ಭಕ್ತಿಯಿತ್ತು. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕೇಳುಗರ ಹೃದಯಕ್ಕೆ ತಲುಪಿಸಿದವರಲ್ಲಿ ಅವರು ಅಗ್ರಗಣ್ಯರು. ವಯಸ್ಸಾದಂತೆ ಧ್ವನಿತಂತುಗಳ ಸ್ನಾಯು ತೆಳುವಾಗುತ್ತದೆ, ಎದೆಗೂಡು ಬಿಗಿಯುತ್ತದೆ, ಉಸಿರಿನ ಬಲ ತಗ್ಗುತ್ತದೆ ಎನ್ನುತ್ತದೆ ವಿಜ್ಞಾನ. ಆದರೆ ಮನಸೂರರ ಕೀರ್ತಿ ನಾಡಿನಾಚೆ ಹಬ್ಬಿದ್ದು ಬಹುಮಟ್ಟಿಗೆ ಅರವತ್ತರ ನಂತರ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 81ನೆಯ ವಯಸ್ಸಿನಲ್ಲಿ, 1992ರಲ್ಲಿ, ಪದ್ಮವಿಭೂಷಣ ಸಂದವು. ಅದೇ ವರ್ಷದ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು.

ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ಲರದು ಮತ್ತೊಂದು ಬಗೆಯ ಪಾಠ. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಅವರ ಕಂಠವು ಮೊದಲು ತೆಳುವಾಗಿ, ಎತ್ತರದಲ್ಲಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ಗಡುಸಾಯಿತು. ಹೋದ ದನಿಗಾಗಿ ಕೊರಗದೆ ಬಂದ ದನಿಯಲ್ಲಿಯೇ ಅವರು ಸ್ವರವನ್ನು ಸಾಧಿಸಿದರು. ಆ ಗಂಭೀರ ಕಂಠವೇ ಅವರ ಗುರುತಾಯಿತು. 2006ರಲ್ಲಿ, 93ನೆಯ ವಯಸ್ಸಿನಲ್ಲಿಯೂ ಅವರು ಕಛೇರಿಯಲ್ಲಿ ಹಾಡಿದ್ದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ದೇಹ ಬದಲಾದಾಗ ಸಾಧನೆಯ ದಾರಿಯನ್ನು ಬದಲಿಸಿಕೊಳ್ಳಬಹುದು, ಸಾಧನೆಯನ್ನೇ ಕೈಬಿಡಬೇಕಿಲ್ಲ ಎಂಬುದು ಇಲ್ಲಿಯ ತಿಳಿವಳಿಕೆ.

ಇವರೆಲ್ಲ ಅಸಾಮಾನ್ಯರು, ಸಾಮಾನ್ಯರ ಪಾಡೇನು ಎಂಬ ಮಾತು ಏಳಬಹುದು. ಅದಕ್ಕೂ ಉತ್ತರವಿದೆ. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ಶೇಕಡಾ 3ರಿಂದ 8ರಷ್ಟು ಭಾಗ ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಕುರ್ಚಿಯಿಂದ ಏಳುವಾಗ ಕೈಯೂರಬೇಕಾಗುವುದು, ಮಠದ ಮೆಟ್ಟಿಲು ಭಾರವೆನಿಸುವುದು ಇದರಿಂದಲೇ. ಅಮೆರಿಕದ ಬಾಸ್ಟನ್ ನಗರದಲ್ಲಿ ವೃದ್ಧಾಶ್ರಮವಾಸಿಗಳಾದ 10 ಮಂದಿಗೆ 8 ವಾರಗಳ ಕಾಲ ಕಾಲಿನಿಂದ ಭಾರವೆತ್ತುವ ವ್ಯಾಯಾಮವನ್ನು ಮಾಡಿಸಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. ಅವರೆಲ್ಲರೂ 86ರಿಂದ 96 ವರ್ಷದೊಳಗಿನವರು, ದುರ್ಬಲರು. ಪೂರ್ಣಗೊಳಿಸಿದವರ ಕಾಲಿನ ಬಲ ಎರಡು ಪಟ್ಟನ್ನೂ ಮೀರಿ ಹೆಚ್ಚಿತು. ತೊಂಬತ್ತರ ಸ್ನಾಯುವೂ ದುಡಿಮೆಗೆ ಓಗೊಡುತ್ತದೆಂದ ಮೇಲೆ, ಹಿರಿಯರನ್ನು ಮೂಲೆಯಲ್ಲಿ ಕೂರಿಸಿ ಎಲ್ಲವನ್ನೂ ಕೈಗೆ ತಂದುಕೊಡುವುದು ಪ್ರೀತಿಯಂತೆ ಕಂಡರೂ ಹಿತವಲ್ಲ. ಪೂಜೆಗೆ ಪತ್ರೆ-ಪುಷ್ಪಗಳನ್ನು ತರುವುದು, ದಾಸೋಹಕ್ಕೆ ಕಾಯಿಪಲ್ಲೆ ಹೆಚ್ಚುವುದು, ಮೊಮ್ಮಕ್ಕಳಿಗೆ ವಚನ ಹೇಳಿಕೊಡುವುದು, ಇವೆಲ್ಲ ಅವರ ಶಕ್ತಿಗೆ ತಕ್ಕ ಕಾಯಕಗಳೇ.

ಅರಳುಮರಳಿನ ವಿಷಯದಲ್ಲಿಯೂ ವಿವೇಕ ಬೇಕು. ಒಂದು ಹೆಸರು ತಟ್ಟನೆ ನೆನಪಿಗೆ ಬಾರದಿರುವುದು ಮುಪ್ಪಿನ ಸಹಜ ಲಕ್ಷಣ. ಆದರೆ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವುದು, ದಿನವೂ ನಡೆದ ಓಣಿಯಲ್ಲಿಯೇ ದಾರಿ ತಪ್ಪುವುದು ಮರೆವಿನ ರೋಗದ ಚಿಹ್ನೆಯಾಗಿರಬಹುದು. ಅದು ಮಿದುಳಿನ ಕಾಯಿಲೆ, ಹಟವಲ್ಲ, ಕರ್ಮಫಲವಲ್ಲ. ಗದರುವ ಬದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇಂತಹ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಿದೆ.

ವಚನದಲ್ಲಿ ಬರುವ ಪರಾವಲಂಬನೆಯ ದೈನ್ಯವು ದೇಹದಿಂದಷ್ಟೇ ಬರುವುದಲ್ಲ. ಅದು ಮನೆಯವರ ನಡೆಯಿಂದಲೂ ಬರುತ್ತದೆ. ಹೆತ್ತವರನ್ನು ಕಡೆಗಣಿಸುವ ಮಕ್ಕಳಿಂದ ಜೀವನಾಂಶ ಕೊಡಿಸಲು 2007ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆಸಿಕೊಂಡು ಮಾತು ತಪ್ಪಿದರೆ ಆ ದಾನಪತ್ರವನ್ನು ರದ್ದುಪಡಿಸುವ ಅವಕಾಶವೂ ಅದರಲ್ಲಿದೆ. ಕಾಯಿದೆಯು ಅನ್ನವನ್ನು ಕೊಡಿಸಬಲ್ಲದು, ಆದರವನ್ನು ಕೊಡಿಸಲಾರದು. ಜಂಗಮಕ್ಕೆ ನೀಡಿ ಹೆತ್ತವರನ್ನು ಹಸಿವಿನಲ್ಲಿಟ್ಟರೆ ಅದು ದಾಸೋಹವೆನಿಸದು.

ಹೀಗೆ ನೋಡಿದಾಗ ಬಸವಣ್ಣನವರ ವಚನದ ಅರ್ಥ ತಿಳಿಯಾಗುತ್ತದೆ. ಅದು ಯುವಕರಿಗೆ ಕೊಟ್ಟ ಎಚ್ಚರಿಕೆಯೇ ಹೊರತು ವೃದ್ಧರ ಮೇಲೆ ಹೊರಿಸಿದ ತೀರ್ಪಲ್ಲ. ಹಳಕಟ್ಟಿಯವರ ಎಪ್ಪತ್ತರ ಫಲ ಇಪ್ಪತ್ತು-ಮೂವತ್ತರಲ್ಲಿಯೇ ಬಿತ್ತಿದ ಬೀಜದ್ದು. ಮನಸೂರರ ಎಂಬತ್ತರ ಗಾನ ಬಾಲ್ಯದಿಂದ ಬಿಡದೆ ನಡೆಸಿದ ಅಭ್ಯಾಸದ್ದು. ಅವರು ಮುಪ್ಪು ಬರುವ ಮೊದಲೇ ತೊಡಗಿದ್ದರಿಂದ ಮುಪ್ಪು ಅವರನ್ನು ಬರಿಗೈಯಲ್ಲಿ ಕಾಣಲಿಲ್ಲ. ತೊಡಗದೆ ಉಳಿದವರಿಗೂ ಬಾಗಿಲು ಮುಚ್ಚಿಲ್ಲ. ಹರೆಯದವರು ನಾಳೆಗೆಂದು ಮುಂದೂಡದಿರಲಿ, ಹಿರಿಯರು ಹೊತ್ತು ಮೀರಿತೆಂದು ಕೈಚೆಲ್ಲದಿರಲಿ. ಇಷ್ಟಲಿಂಗವನ್ನು ಹಿಡಿದ ಕರ ನಡುಗುತ್ತಿದ್ದರೂ ಅದು ಪೂಜೆಯ ಕರವೇ ಆಗಿದೆ.