ತುಟಿಯ ಗುಳ್ಳೆ ಮತ್ತು ದಂಪತಿಗಳ ಶಂಕೆ

ಜ್ವರ ಇಳಿಯುವ ಹೊತ್ತಿಗೆ ತುಟಿಯ ಅಂಚಿನಲ್ಲಿ ಗೊಂಚಲಾಗಿ ಏಳುವ ನೀರುಗುಳ್ಳೆಗಳನ್ನು ಕಾಣದವರು ವಿರಳ. ‘ಜ್ವರದ ಗುಳ್ಳೆ’ ಎಂದು ಕರೆದು, ವಾರ ಹತ್ತು ದಿನಗಳಲ್ಲಿ ಒಣಗಿ ಉದುರಿದ ಮೇಲೆ ಅದನ್ನು ಮರೆತುಬಿಡುವುದು ವಾಡಿಕೆ. ಆದರೆ ಇದೇ ಗುಳ್ಳೆಗೆ ‘ಹರ್ಪಿಸ್’ ಎಂಬ ಹೆಸರಿದೆಯೆಂದು ತಿಳಿದೊಡನೆ ದಂಪತಿಗಳಲ್ಲಿ ಅಂಜಿಕೆ ಹುಟ್ಟುತ್ತದೆ. ಮುತ್ತಿನಿಂದ ಇದು ಅಂಟುವುದೇ? ದೇಹದ ಬೇರೆ ಭಾಗಕ್ಕೆ ಹಬ್ಬುವುದೇ? ಜನನಾಂಗದಲ್ಲಿ ಕಾಣಿಸಿಕೊಂಡರೆ ಸಂಗಾತಿ ದಾರಿ ತಪ್ಪಿದ್ದಾರೆಂದು ಅರ್ಥವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ವೈದ್ಯಶಾಸ್ತ್ರಕ್ಕೆ ಶತಮಾನಗಳೇ ಹಿಡಿದವು.

‘ಹರ್ಪಿಸ್’ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ತೆವಳುವುದು ಎಂಬುದು ಅದರ ಅರ್ಥ. ಹಿಪೊಕ್ರೆಟಿಸನ ಕಾಲದಲ್ಲಿ ಚರ್ಮದ ಮೇಲೆ ಹರಡುವ ನಾನಾ ಬಗೆಯ ಹುಣ್ಣುಗಳಿಗೆ ಈ ಹೆಸರು ಸಲ್ಲುತ್ತಿತ್ತು. ರೋಮ್ ಚಕ್ರವರ್ತಿ ಟೈಬೀರಿಯಸ್ ಹರ್ಪಿಸ್‌ಗೆ ಹೆದರಿ ಮುತ್ತಿಡುವುದನ್ನೇ ನಿಷೇಧಿಸಿದನೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಆತ ದಿನನಿತ್ಯದ ಮುತ್ತಿನ ವಂದನೆಯನ್ನು ತಡೆದದ್ದು ನಿಜವೆಂದು ಇತಿಹಾಸಕಾರ ಸ್ವೇಟೋನಿಯಸ್ ಬರೆದಿದ್ದಾನೆ. ಆದರೆ ಅಲ್ಲಿ ರೋಗದ ಮಾತಿಲ್ಲ. ಅದೇ ಕಾಲದಲ್ಲಿ ಮುತ್ತಿನಿಂದ ಹಬ್ಬಿತೆಂದು ಪ್ಲಿನಿ ಹೇಳುವ ರೋಗವು ಗಲ್ಲದಲ್ಲಿ ಶುರುವಾಗಿ ಎದೆ, ಕೈಗಳವರೆಗೂ ಹರಡುತ್ತಿತ್ತು. ಅದರ ಲಕ್ಷಣಗಳು ಜ್ವರದ ಗುಳ್ಳೆಯವಲ್ಲ.

ಜನನಾಂಗದ ಹರ್ಪಿಸ್ಸನ್ನು ಫ್ರಾನ್ಸಿನ ವೈದ್ಯ ಝಾನ್ ಆಸ್ತ್ರುಕ್ 1736ರಲ್ಲಿ ವರ್ಣಿಸಿದ. ಗುಳ್ಳೆಯ ರೋಗ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಂದು ಎಮಿಲ್ ವಿದಾಲ್ 1873ರಲ್ಲಿ ತೋರಿಸಿದ. ತುಟಿಯ ಗುಳ್ಳೆಯ ದ್ರವವನ್ನು ಮೊಲದ ಕಣ್ಣಿಗೆ ಹಚ್ಚಿದರೆ ಅಲ್ಲಿಯೂ ರೋಗ ಏಳುವುದನ್ನು 1919ರಲ್ಲಿ ಲೋವೆನ್‌ಸ್ಟೈನ್ ಪ್ರಕಟಿಸಿದ. ಒಂದು ಅಂಗದ ರೋಗ ಇನ್ನೊಂದು ಅಂಗಕ್ಕೆ ದಾಟಬಲ್ಲದು ಎಂಬುದು ಇದರಿಂದ ಖಚಿತವಾಯಿತು.

1960ರ ದಶಕದಲ್ಲಿ ಶ್ನೆವೈಸ್, ನಹ್ಮಿಯಾಸ್ ಮತ್ತು ಡೌಡ್ಲ್ ಅವರ ಸಂಶೋಧನೆಗಳು ಈ ವೈರಸ್ಸಿನಲ್ಲಿ ಎರಡು ಬಗೆಗಳಿವೆಯೆಂದು ಸ್ಥಾಪಿಸಿದವು. ಒಂದನೆಯದು ತುಟಿಯದು, ಎರಡನೆಯದು ಜನನಾಂಗದ್ದು ಎಂಬ ಸುಲಭದ ಗಡಿರೇಖೆ ಆಗ ಜನರ ಮನಸ್ಸಿನಲ್ಲಿ ಮೂಡಿತು. 1982ರ ಆಗಸ್ಟ್‌ನಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಹರ್ಪಿಸ್ಸನ್ನು ಕಳಂಕದ ಗುರುತೆಂಬಂತೆ ಮುಖಪುಟದಲ್ಲಿ ಅಚ್ಚುಹಾಕಿತು. ಸೊಂಟದ ಮೇಲಿನದು ನಿರಪಾಯ, ಕೆಳಗಿನದು ಅಪಮಾನ ಎಂಬ ಭಾವನೆ ಬಲಗೊಂಡಿತು.

ವೈರಸ್ ಈ ಗಡಿಯನ್ನು ಮನ್ನಿಸಲಿಲ್ಲ. ತುಟಿಯ ಒಂದನೇ ಬಗೆಯ ವೈರಸ್ ಬಾಯಿಯ ಸಂಪರ್ಕದಿಂದ ಸಂಗಾತಿಯ ಜನನಾಂಗಕ್ಕೂ ತಗಲುತ್ತದೆ. ಬಾಲ್ಯದಲ್ಲಿ ಇದು ತಗಲುವುದು ಕಡಿಮೆಯಾದ ಶ್ರೀಮಂತ ದೇಶಗಳಲ್ಲಿ, ಯುವಜನರ ಜನನಾಂಗದ ಹೊಸ ಸೋಂಕುಗಳಲ್ಲಿ ಒಂದನೇ ಬಗೆಯ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಒಂದನೇ ಬಗೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವೇ ಇಲ್ಲ.

ಅರಿವಿಲ್ಲದಿರಲು ಕಾರಣವಿದೆ. ವೈರಸ್ ನರಗಳ ಗಂಟಿನಲ್ಲಿ ಅಡಗಿ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಇಲಿಗಳ ಮೇಲಿನ ಪ್ರಯೋಗದಿಂದ ಸ್ಟೀವನ್ಸ್ ಮತ್ತು ಕುಕ್ 1971ರಲ್ಲಿ ಇದನ್ನು ತೋರಿಸಿದರು. ಹಾಗಾಗಿ ಗುಳ್ಳೆ ಇಂದು ಎದ್ದಿತೆಂದ ಮಾತ್ರಕ್ಕೆ ಸೋಂಕು ಇಂದು ತಗಲಿತೆಂದು ಹೇಳಲಾಗದು. ಅದೊಂದರಿಂದಲೇ ಗಂಡನನ್ನಾಗಲಿ ಹೆಂಡತಿಯನ್ನಾಗಲಿ ದೂರುವುದು ನ್ಯಾಯವಲ್ಲ.

ತನ್ನ ತುಟಿಯಿಂದ ತನ್ನದೇ ಬೇರೆ ಅಂಗಕ್ಕೆ ಹರಡೀತೆಂಬ ಭಯಕ್ಕೂ ಮಿತಿಯುಂಟು. ಅಂಥ ಹರಡುವಿಕೆ ಹೆಚ್ಚಾಗಿ ಮೊದಲ ಸೋಂಕಿನ ದಿನಗಳಲ್ಲಿ ಆಗುವಂಥದು. ದೇಹದಲ್ಲಿ ಪ್ರತಿರೋಧ ಬೆಳೆದ ಮೇಲೆ ಅದು ಅಪರೂಪ. ಇಬ್ಬರಿಗೂ ಮೊದಲೇ ಒಂದನೇ ಬಗೆ ತಗಲಿದ್ದರೆ ಅದೇ ಬಗೆ ಪರಸ್ಪರ ಹೊಸದಾಗಿ ಅಂಟುವುದೂ ವಿರಳ. ಕಣ್ಣಿನ ವಿಷಯದಲ್ಲಿ ಮಾತ್ರ ಸದಾ ಎಚ್ಚರ ಬೇಕು: ಗುಳ್ಳೆ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣು ಉಜ್ಜಬಾರದು.

ತುಟಿ ಚುರುಗುಟ್ಟಲು ತೊಡಗಿದಂದಿನಿಂದ ಹಕ್ಕಳೆ ಉದುರಿ ಚರ್ಮ ಮಾಯುವ ತನಕ ಮುತ್ತನ್ನೂ ಬಾಯಿಯ ಸಂಪರ್ಕವನ್ನೂ ಬಿಡುವುದು ಕ್ಷೇಮ. ಎಳೆಗೂಸಿಗೆ ಆ ದಿನಗಳಲ್ಲಿ ಮುತ್ತಿಡಲೇಬಾರದು. ನವಜಾತ ಶಿಶುವಿಗೆ ಈ ಸೋಂಕು ಪ್ರಾಣಾಪಾಯ ತರಬಲ್ಲದು. ಗುಳ್ಳೆಯಿಲ್ಲದಾಗಲೂ ಕೆಲವೊಮ್ಮೆ ವೈರಸ್ ಹೊರಬೀಳುವುದರಿಂದ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ, ತಗ್ಗುತ್ತದೆ ಅಷ್ಟೆ. 1988ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ ಬಂದ ಅಸೈಕ್ಲೊವಿರ್ ಔಷಧ ಗುಳ್ಳೆಯ ಉಪಟಳವನ್ನು ಕಡಿಮೆ ಮಾಡುತ್ತದೆ; ನರದಲ್ಲಿ ಅಡಗಿದ ವೈರಸ್ಸನ್ನು ಅಳಿಸದು. ನಮ್ಮಲ್ಲಿ ಸರ್ಪಸುತ್ತು ಎನ್ನುವ ‘ಹರ್ಪಿಸ್ ಜೋಸ್ಟರ್’ ಬೇರೆಯೇ ವೈರಸ್ಸಿನದು, ಸಿಡುಬಿನ ಸೋದರನಂತೆ ಕಾಣುವ ಸೀತಾಳೆ ಸಿಡುಬಿನ ವೈರಸ್ಸಿನದು ಎಂಬುದನ್ನೂ ನೆನಪಿಡಬೇಕು.

ಗುಳ್ಳೆ ಎದ್ದ ದಿನ ಅದನ್ನು ಮುಚ್ಚಿಡದೆ ಸಂಗಾತಿಗೆ ಹೇಳುವುದು, ಹೇಳಿದವರನ್ನು ಹೀಗಳೆಯದಿರುವುದು, ಸಂದೇಹವಿದ್ದರೆ ಇಬ್ಬರೂ ಕೂಡಿ ವೈದ್ಯರನ್ನು ಕಾಣುವುದು: ದಂಪತಿಗಳು ಈ ಇತಿಹಾಸದಿಂದ ಪಡೆಯಬಹುದಾದ ಪ್ರಯೋಜನ ಇದು.