ಕಂಪನಿ ಟೀಮಾ, ಊರ ಟೀಮಾ? ಬೆಂಗಳೂರು ಎಫ್‌ಸಿ ಕಥೆ

⚽ ಭಾಗ 1

ತಾಳಗುಂದದ ಶಾಸನದ ಸರಣಿ ಮುಗೀತು. "ಕದಂಬರದ್ದು ಸಾಕು ಮಾರಾಯ, ನಮ್ಮ ಕಾಲದ್ದು ಏನಾದ್ರೂ ಬರಿ" ಅಂತ ತುಂಬಾ ಜನ ಕೇಳಿದ್ರಿ. ಸರಿ, ಈ ಸಲ ಫುಟ್‌ಬಾಲ್. ಇದೂ ಇತಿಹಾಸಾನೇ, ಕಲ್ಲಿನ ಮೇಲೆ ಕೆತ್ತಿಲ್ಲ ಅಷ್ಟೇ.

ಶುರುವಾಗಿದ್ದು ಕಾಲೇಜು ಗೇಟಲ್ಲಿ. ನಾನು ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ಹಾಕ್ಕೊಂಡು ಬಂದಿದ್ದೆ. ಸೊರಬದಿಂದ ದಿನಾ ಬಸ್ಸಲ್ಲಿ ಬರೋ ನನ್ನ ಕ್ಲಾಸ್‌ಮೇಟ್ ಒಬ್ಬ ಇದ್ದಾನೆ. ಬ್ಲೂ ಲಾಕ್ ಅನಿಮೆ ನೋಡಿ ಜಪಾನ್ ಫುಟ್‌ಬಾಲಿನ ಹುಚ್ಚು ಹಿಡಿಸಿಕೊಂಡವನು. ಅವನು ನನ್ನ ಮೇಲಿಂದ ಕೆಳಗೆ ನೋಡಿ, "ಏನೋ, ಜಿಂದಾಲ್ ಕಂಪನಿ ಯೂನಿಫಾರ್ಮಾ? ಕೆಲಸ ಸಿಕ್ತಾ?" ಅಂದ. ಎಲ್ಲರೂ ನಕ್ಕರು. ಆಮೇಲೆ ಭಾಷಣ: "ಕ್ಲಬ್ ಅಂದ್ರೆ ಕಾಶಿಮಾ ಆಂಟ್ಲರ್ಸ್ ಕಣೋ. ಊರಿಗೆ ಊರೇ ಬಂದು ಕೂರುತ್ತೆ. ನಿಂದು ಸ್ಟೀಲ್ ಕಂಪನಿ ದುಡ್ಡು ಸುರಿದು ಮಾಡಿದ್ದು. ಶಿಕಾರಿಪುರದೋನು ನೀನು, ನಿಂಗೂ ಅದಕ್ಕೂ ಏನು ಸಂಬಂಧ?"

ಆವತ್ತು ಉತ್ತರ ಹೊಳೀಲಿಲ್ಲ. ಮನೆಗೆ ಬಂದು ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಯ್ತು, ಅವನ ಕಾಶಿಮಾ ಕೂಡ ಸ್ಟೀಲ್ ಕಂಪನಿಯ ಟೀಮೇ! 😄

⚽ ಭಾಗ 2

ಮೊದಲು ಅವನ ಕ್ಲಬ್ಬಿನ ಕಥೆ ಮುಗಿಸ್ತೀನಿ, ಯಾಕಂದ್ರೆ ಅದು ಗೊತ್ತಿದ್ರೆ ನಮ್ಮದು ಚೆನ್ನಾಗಿ ಅರ್ಥ ಆಗುತ್ತೆ.

ಸುಮಿತೊಮೊ ಮೆಟಲ್ ಅಂತ ಜಪಾನಿನ ಉಕ್ಕಿನ ಕಂಪನಿ. 1947ರಲ್ಲಿ ಒಸಾಕಾದಲ್ಲಿ ತನ್ನ ನೌಕರರಿಗೆ ಅಂತ ಒಂದು ಫುಟ್‌ಬಾಲ್ ಟೀಮ್ ಮಾಡ್ತು. 1975ರಲ್ಲಿ ಆ ಟೀಮು ಕಾಶಿಮಾಗೆ ಬಂತು. ಸಮುದ್ರದ ಪಕ್ಕದ ಸಣ್ಣ ಊರು, ಹಳೇ ದೇವಸ್ಥಾನ, ಅಲ್ಲಿ ಸಾಕಿದ ಜಿಂಕೆಗಳು, ಆಮೇಲೆ ಬಂದ ಕಾರ್ಖಾನೆ. ಆಂಟ್ಲರ್ಸ್ ಅಂದ್ರೆ ಜಿಂಕೆ ಕೊಂಬು, ಹೆಸರು ಬಂದಿದ್ದು ಅಲ್ಲಿಂದಲೇ.

1990ರ ಹೊತ್ತಿಗೆ ಜಪಾನಲ್ಲಿ ವೃತ್ತಿಪರ ಲೀಗ್ ಮಾಡೋ ಮಾತು ನಡೀತಿತ್ತು. ಜೆ ಲೀಗಿನವರ ಷರತ್ತು ಗಟ್ಟಿ ಇತ್ತು: ಟೀಮಿನ ಹೆಸರಿಂದ ಕಂಪನಿ ಹೆಸರು ತೆಗೀರಿ, ಊರಿನ ಹೆಸರು ಹಾಕಿ. ಸುಮಿತೊಮೊ ಟೀಮು ಆಗ ಎರಡನೇ ದರ್ಜೆಯಲ್ಲಿ ಆಡ್ತಿತ್ತು. ಇಂಥ ಊರಿಗೆ ವೃತ್ತಿಪರ ಕ್ಲಬ್ ಆಗೋ ಮಾತೇ ಇಲ್ಲ ಅಂತ ಲೀಗಿನ ಮುಖ್ಯಸ್ಥ ಕವಾಬುಚಿ ಹೇಳಿಬಿಟ್ಟಿದ್ದರು. ಚಾವಣಿ ಇರೋ 15,000 ಸೀಟಿನ ಸ್ಟೇಡಿಯಂ ಕಟ್ಟಿದ್ರೆ ನೋಡೋಣ ಅಂದ್ರು. ಅವರು ಕಟ್ಟೇಬಿಟ್ರು. ಬ್ರೆಜಿಲ್‌ನ ಝೀಕೋನನ್ನೂ ಕರೆಸಿದ್ರು. 1993ರ ಮೇ 16ರಂದು ಮೊದಲ ಲೀಗ್ ಪಂದ್ಯ, ನಗೋಯಾ ಮೇಲೆ 5-0, ಅದ್ರಲ್ಲಿ ಝೀಕೋ ಮೂರು ಗೋಲು. 2016ರ ಹೊತ್ತಿಗೆ 8 ಸಲ ಲೀಗ್ ಚಾಂಪಿಯನ್, 2018ರಲ್ಲಿ ಏಷ್ಯಾದ ಚಾಂಪಿಯನ್.

ಅಂದ್ರೆ ಅಲ್ಲೂ ದುಡ್ಡು ಮೊದಲು ಬಂದಿದ್ದು ಕಂಪನಿಯಿಂದಲೇ. ಊರಿನವರು ಬಂದು ಕೂತಿದ್ದು ಆಮೇಲೆ. ಸೊರಬದ ಗೆಳೆಯನಿಗೆ ಇದನ್ನ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

⚽ ಭಾಗ 3

ಈಗ ಬೆಂಗಳೂರು. 2013ಕ್ಕೆ ಮುಂಚೆ ಅಲ್ಲಿ ಫುಟ್‌ಬಾಲ್ ಇರಲಿಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ಕ್ಲಬ್ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೈನ್ಯದ ಟೀಮುಗಳೇ ಎತ್ಕೊಂಡು ಹೋಗ್ತಿದ್ದ ಕಪ್ ಅದು. 1946-47ರಲ್ಲಿ ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ರು. ನಾವು ಗದ್ದೆ ಕುಯ್ಲಾದ ಮೇಲೆ ಕೂಳೆ ಚುಚ್ಚಿಸ್ಕೊಂಡು ಆಡ್ತೀವಲ್ಲ, ಅದೇ ಕಾಲು, ಮೈದಾನ ಬೇರೆ.

ಸ್ವಾತಂತ್ರ್ಯ ಬಂದ ಮೇಲೆ ಕಂಪನಿಗಳ ಕಾಲ. ಎಚ್‌ಎಎಲ್, ಐಟಿಐ ಥರದ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟವು. ಒಂದಿಷ್ಟು ಹೊತ್ತು ಡ್ಯೂಟಿ, ಆಮೇಲೆ ಪ್ರ್ಯಾಕ್ಟೀಸ್. ಗೌತಮಪುರ, ಆಸ್ಟಿನ್ ಟೌನ್ ಕಡೆಯ ಬಡ ಮನೆಗಳ ಹುಡುಗರಿಗೆ ಚೆಂಡು ಒದೆಯೋದು ಅಂದ್ರೆ ಖಾಯಂ ನೌಕರಿ, ಪಿಂಚಣಿ. ಇದನ್ನ ಲೇವಡಿ ಮಾಡೋಕಾಗಲ್ಲ. ಎಷ್ಟೋ ಮನೆ ನಿಂತಿದ್ದೇ ಇದರಿಂದ.

ಆದರೆ ಜಪಾನಲ್ಲಿ ಆಗಿದ್ದು ನಮ್ಮಲ್ಲಿ ಆಗಲಿಲ್ಲ. ಅಲ್ಲಿ ನಿಸಾನ್ ಟೀಮು ಯೊಕೊಹಾಮಾದ್ದಾಯ್ತು, ಮಿತ್ಸುಬಿಷಿ ಟೀಮು ಉರಾವಾದ್ದಾಯ್ತು. ಇಲ್ಲಿ ಎಚ್‌ಎಎಲ್ ಎಚ್‌ಎಎಲ್ ಆಗೇ ಉಳೀತು. ಕಾರ್ಖಾನೆಗಳಲ್ಲಿ ಆಟಗಾರರ ನೇಮಕಾತಿ ಕಮ್ಮಿ ಆದ ಹಾಗೆ ಟೀಮುಗಳೂ ಸೊರಗಿದವು. ಎಚ್‌ಎಎಲ್ ಎರಡು ಸೀಸನ್ ಐ-ಲೀಗಲ್ಲಿ ಆಡಿ 2012ರಲ್ಲಿ ಕೆಳಗಿಳೀತು. ಸಂತೋಷ್ ಟ್ರೋಫಿಯನ್ನ ನಾಲ್ಕು ಸಲ ಗೆದ್ದಿದ್ದ ರಾಜ್ಯದಿಂದ ದೇಶದ ದೊಡ್ಡ ಲೀಗಿಗೆ ಆಗ ಒಂದು ಟೀಮೂ ಇಲ್ಲ.

⚽ ಭಾಗ 4

2013ರಲ್ಲಿ ಜೆಎಸ್‌ಡಬ್ಲ್ಯು ಬಂತು. ಹೌದು, ಬಳ್ಳಾರಿ ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೇ. ಫುಟ್‌ಬಾಲ್ ಫೆಡರೇಶನ್ ಆಗ ಕಂಪನಿಗಳಿಗೆ ನೇರವಾಗಿ ಐ-ಲೀಗಿಗೆ ಬರೋ ದಾರಿ ತೆರೆದಿತ್ತು. ಜುಲೈನಲ್ಲಿ ಕ್ಲಬ್ಬಿಗೆ ಹೆಸರಿಟ್ಟರು. ಗಮನಿಸಿ, ಹೆಸರಲ್ಲಿ ಕಂಪನಿ ಇಲ್ಲ, ಊರಿದೆ. ಸೆಪ್ಟೆಂಬರ್ 22ಕ್ಕೆ ಮೊದಲ ಪಂದ್ಯ, ಎದುರಿಗೆ ಮೋಹನ್ ಬಗಾನ್. ಎರಡು ತಿಂಗಳ ಕೂಸು, ಆ ಕಡೆ ನೂರು ವರ್ಷ ದಾಟಿದ ಅಜ್ಜ. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದ. 1-1 ಡ್ರಾ.

ಆಗ ಆಡ್ತಿದ್ದದ್ದು ಅಶೋಕನಗರದ ಸಣ್ಣ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಿ. ಪಶ್ಚಿಮ ದಿಕ್ಕಿನ ಗ್ಯಾಲರಿಯಲ್ಲಿ ಒಂದಿಷ್ಟು ಜನ ನಿಂತ್ಕೊಂಡು 90 ನಿಮಿಷವೂ ಹಾಡೋರು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್. ಇವರಿಗೆ ಕಂಪನಿ ಸಂಬಳ ಕೊಡ್ತಿರಲಿಲ್ಲ. ನನ್ನ ಪ್ರಕಾರ ಕಂಪನಿ ಟೀಮು ಊರ ಟೀಮಾಗೋಕೆ ಶುರುವಾಗಿದ್ದು ಈ ಮೆಟ್ಟಿಲ ಮೇಲೆ.

ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ನಾಯಕ ಸುನಿಲ್ ಛೇಟ್ರಿ. ಮೊದಲ ಸೀಸನ್ನಲ್ಲೇ, 2014ರ ಏಪ್ರಿಲ್ 21ಕ್ಕೆ, ಗೋವಾಗೆ ಹೋಗಿ ಡೆಂಪೋನ 4-2ರಿಂದ ಸೋಲಿಸಿ ಚಾಂಪಿಯನ್ ಆದ್ರು. 2015ರ ಜನವರಿಯಲ್ಲಿ ಅದೇ ಡೆಂಪೋ ಮೇಲೆ ಫೆಡರೇಶನ್ ಕಪ್.

ಆದರೆ ನಂಗೆ ಗೆದ್ದಿದ್ದಕ್ಕಿಂತ ಕಾಡೋದು 2015ರ ಮೇ 31. ಲೀಗಿನ ಕೊನೇ ಪಂದ್ಯ, ಕಂಠೀರವದಲ್ಲಿ, ಮತ್ತೆ ಮೋಹನ್ ಬಗಾನ್. ಬೆಂಗಳೂರು ಗೆದ್ರೆ ಕಪ್ ನಮ್ದು, ಡ್ರಾ ಆದ್ರೂ ಅವರದ್ದು. ಜೋರು ಮಳೆ. ಜಾನ್ ಜಾನ್ಸನ್ ಗೋಲು ಹೊಡೆದ, 1-0. 87ನೇ ನಿಮಿಷದವರೆಗೂ ಕಪ್ ಬೆಂಗಳೂರಲ್ಲೇ ಇತ್ತು. ಆಗ ಕಾರ್ನರ್ ಬಂತು, ಬೆಲ್ಲೋ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಾಗೆ ಹೋಯ್ತು. ಮೂರೇ ನಿಮಿಷ ಕಣ್ರೋ. (ಮುಂದಿನ ವರ್ಷ, 2016ರ ಏಪ್ರಿಲ್‌ನಲ್ಲಿ, ಅದೇ ಕಂಠೀರವದಲ್ಲಿ ಸಾಲ್ಗಾವ್ಕರ್‌ನ 2-0 ಸೋಲಿಸಿ ಲೀಗ್ ವಾಪಸ್ ತಂದ್ರು.)

ಅಂದಹಾಗೆ ಆ ಸ್ಟೇಡಿಯಮ್ಮಿಗೆ ಹೆಸರು ಬಂದಿದ್ದು ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರಿಂದ. ನಮ್ಮ ಕೆಳದಿಯ ಶಿವಪ್ಪ ನಾಯಕರ ಕಾಲದವರೇ. ಶಿವಪ್ಪ ನಾಯಕರ ಹೆಸರಲ್ಲಿ ಎಂಥ ಸ್ಟೇಡಿಯಂ ಬೇಕು ಅನ್ನೋದನ್ನ ಇನ್ನೊಂದು ದಿನ ಜಗಳ ಆಡೋಣ.

⚽ ಭಾಗ 5

2016. ಈ ಭಾಗ ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಕೊಂಡು ಓದಿ.

ಎಎಫ್‌ಸಿ ಕಪ್ ಅನ್ನೋದು ಆಗ ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಟೂರ್ನಿ ಆಗಿತ್ತು. ಆ ವರ್ಷ ಬೆಂಗಳೂರಿನ ಗುಂಪಲ್ಲೇ ಮಲೇಶಿಯಾದ ಜೊಹೊರ್ ಇತ್ತು. ಹಿಂದಿನ ವರ್ಷದ ಚಾಂಪಿಯನ್. ಗುಂಪಿನ ಹಂತದಲ್ಲಿ ಅವರ ಕೈಲಿ ಎರಡೂ ಸಲ ಸೋತಿದ್ರು. ಹೇಗೋ ಎರಡನೇ ಸ್ಥಾನದಲ್ಲಿ ದಾಟಿದ್ರು. ಹಾಂಕಾಂಗಿಗೆ ಹೋಗಿ ಕಿಚ್ಚಿ ಕ್ಲಬ್ಬನ್ನ 3-2ರಿಂದ ಸೋಲಿಸಿದ್ರು. ಇಷ್ಟರಲ್ಲಿ ವೆಸ್ಟ್‌ವುಡ್ ಬಿಟ್ಟು ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ಕೋಚ್ ಆಗಿದ್ರು. ಕ್ವಾರ್ಟರ್ ಫೈನಲಲ್ಲಿ ಸಿಂಗಾಪುರದ ಟ್ಯಾಂಪಿನೀಸ್ ಮೇಲೆ ಎರಡೂ ಪಂದ್ಯ ಸೇರಿ ಒಂದೇ ಗೋಲು, ಅದೇ ಸಾಕಾಯ್ತು. ಸೆಮಿಫೈನಲಲ್ಲಿ ಮತ್ತೆ ಎದುರಾಗಿದ್ದು ಯಾರು? ಜೊಹೊರ್!

ಮಲೇಶಿಯಾದಲ್ಲಿ 1-1. ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ ಎರಡನೇ ಪಂದ್ಯ. 11ನೇ ನಿಮಿಷಕ್ಕೇ ಜೊಹೊರ್ ಗೋಲು. ಮುಗೀತು ಅಂತ ಅಂದ್ಕೋಬೇಕು. 41ನೇ ನಿಮಿಷ, ಲಿಂಗ್ಡೋ ಕಾರ್ನರ್, ಛೇಟ್ರಿ ತಲೆಯಿಂದ ಗೋಲು. 67ನೇ ನಿಮಿಷಕ್ಕೆ ಛೇಟ್ರಿ ಪೆನಾಲ್ಟಿ ಬಾಕ್ಸಿನ ಹೊರಗಿಂದ ಒಂದು ಹೊಡೀತಾನೆ ನೋಡಿ, ಯೂಟ್ಯೂಬಲ್ಲಿದೆ, ಇಯರ್‌ಫೋನ್ ಹಾಕ್ಕೊಂಡು ನೋಡಿ, ಗೋಲಿಗಿಂತ ಆ ಶಬ್ದ ಮುಖ್ಯ. 76ಕ್ಕೆ ಹುವಾನನ್ ಇನ್ನೊಂದು. 3-1. ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್, ನಮ್ಮ ರಾಜ್ಯದ್ದು.

ನಾನಾಗ ನಾಲ್ಕನೇ ಕ್ಲಾಸು. ಈ ಪಂದ್ಯ ನಡೀತಿದೆ ಅಂತಲೇ ಗೊತ್ತಿರಲಿಲ್ಲ. ಮನೇಲಿ ಟಿವಿ ಇತ್ತು, ಯಾರಿಗೂ ಆ ಚಾನೆಲ್ ನೆನಪಾಗಲಿಲ್ಲ. ಇದು ನಂಗೆ ಈಗಲೂ ಬೇಜಾರು.

ಫೈನಲ್ ನವೆಂಬರ್ 5, ದೋಹಾ. ಎದುರಿಗೆ ಇರಾಕಿನ ವಾಯುಪಡೆಯ ಕ್ಲಬ್. ಅವರ ದೇಶದಲ್ಲಿ ಆಡೋ ಪರಿಸ್ಥಿತಿ ಇಲ್ಲದೆ ದೋಹಾದಲ್ಲಿ ಆಡ್ತಿದ್ರು. ಬೆಂಗಳೂರಿನ ಮುಖ್ಯ ಗೋಲ್‌ಕೀಪರ್ ಅಮರಿಂದರ್ ಅಮಾನತಾಗಿದ್ದ, ಬದಲಿಗೆ ರಾಲ್ಟೆ ನಿಂತ. ಎರಡನೇ ಅರ್ಧದಲ್ಲಿ ಹಮ್ಮಾದಿ ಅಹ್ಮದ್ ಒಂದು ಗೋಲು ಹೊಡೆದ, ಆ ಟೂರ್ನಿಯಲ್ಲಿ ಅದು ಅವನ 16ನೇದು. 1-0. ಸೋತ್ವಿ.

ಈಗ ಕೇಳಿ. ಅದೇ 2016ರ ಡಿಸೆಂಬರ್ 18ಕ್ಕೆ ಯೊಕೊಹಾಮಾದಲ್ಲಿ ಕ್ಲಬ್ ವಿಶ್ವಕಪ್ ಫೈನಲ್. ರಿಯಲ್ ಮ್ಯಾಡ್ರಿಡ್ ವಿರುದ್ಧ ಯಾರು? ಕಾಶಿಮಾ ಆಂಟ್ಲರ್ಸ್. ಶಿಬಸಾಕಿ ಎರಡು ಗೋಲು ಹೊಡೆದು 2-1 ಮುಂದಿದ್ರು. ರೊನಾಲ್ಡೊ ಮೂರು ಹೊಡೆದು, ಹೆಚ್ಚುವರಿ ಸಮಯದಲ್ಲಿ 4-2ಕ್ಕೆ ಮುಗಿಸಿದ. ಉಕ್ಕಿನ ಕಂಪನಿಗಳು ಹುಟ್ಟಿಸಿದ ಎರಡು ಕ್ಲಬ್ಬು, ಆರೇ ವಾರದ ಅಂತರದಲ್ಲಿ ತಮ್ಮ ತಮ್ಮ ದೊಡ್ಡ ಫೈನಲ್ ಸೋತವು. ಅವರು ಸೋತಿದ್ದನ್ನ ಜಗತ್ತೇ ನೋಡ್ತು, ನಮ್ಮವರದ್ದನ್ನ ನಮ್ಮ ಮನೆಯವರೂ ನೋಡಲಿಲ್ಲ.

⚽ ಭಾಗ 6

ಮುಂದಿನದು ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. 2017ರ ಮೇನಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನ್ ಮೇಲೆ ಮತ್ತೆ ಫೆಡರೇಶನ್ ಕಪ್, ವಿನೀತ್ ಎರಡೂ ಗೋಲು. ಆ ಸೆಪ್ಟೆಂಬರಲ್ಲಿ ಎಎಫ್‌ಸಿ ಕಪ್ಪಿಗೆ ಉತ್ತರ ಕೊರಿಯಾದ ಪ್ಯಾಂಗ್ಯಾಂಗಿಗೆ ಹೋಗಿ 0-0 ಮಾಡ್ಕೊಂಡು ಬಂದ್ರು. ಕಿಮ್ ಜಾಂಗ್ ಉನ್ ಕ್ಷಿಪಣಿ ಹಾರಿಸ್ತಿದ್ದ ವರ್ಷ ಅದು!

ಆಮೇಲೆ ಐಎಸ್‌ಎಲ್. 2018ರ ಮಾರ್ಚ್ 17, ಮೊದಲ ಸೀಸನ್ನಲ್ಲೇ ಫೈನಲ್, ಅದೂ ಕಂಠೀರವದಲ್ಲೇ. ಚೆನ್ನೈಯಿನ್ ವಿರುದ್ಧ 3-2ಕ್ಕೆ ಸೋಲು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷ, ಕಾರ್ನರ್, ರಾಹುಲ್ ಭೇಕೆ ತಲೆ. 1-0. ಪಟ್ಟಿಯಲ್ಲೂ ಮೊದಲು, ಕಪ್ಪೂ ಕೈಯಲ್ಲಿ. ಐಎಸ್‌ಎಲ್‌ನಲ್ಲಿ ಅದನ್ನ ಅವರಿಗಿಂತ ಮುಂಚೆ ಯಾರೂ ಮಾಡಿರಲಿಲ್ಲ. 2018ರಲ್ಲಿ ಸೂಪರ್ ಕಪ್, 2022ರಲ್ಲಿ ಡುರಾಂಡ್ ಕಪ್. 2023, 2025ರ ಐಎಸ್‌ಎಲ್ ಫೈನಲ್‌ಗಳಲ್ಲಿ ಎರಡೂ ಸಲ ಕೋಲ್ಕತ್ತಾದವರ ಕೈಲೇ ಸೋಲು, ಒಂದು ಪೆನಾಲ್ಟಿಯಲ್ಲಿ, ಇನ್ನೊಂದು ಹೆಚ್ಚುವರಿ ಸಮಯದಲ್ಲಿ.

ಎರಡು ದಿನ ಮಾತ್ರ ಬಿಡೋಕಾಗಲ್ಲ. 2023ರ ಮಾರ್ಚ್ 3: ಪ್ಲೇಆಫಲ್ಲಿ ಕೇರಳ ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟಿ ನಿಲ್ಲೋ ಮುಂಚೆಯೇ ಛೇಟ್ರಿ ಫ್ರೀ ಕಿಕ್ ಒಳಗೆ ಹಾಕಿಬಿಟ್ಟ. ಅವರು ಮೈದಾನ ಬಿಟ್ಟೇ ಹೋದ್ರು. ಮಾರನೇ ದಿನ ಮಾರ್ಚ್ 4: ಸೌದಿಯ ರಿಯಾದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರೇ ಮೈಸೂರು. ಮೊದಲನೇದರ ಬಗ್ಗೆ ತಿಂಗಳಗಟ್ಟಲೆ ರೀಲ್ಸ್ ಬಂದವು. ಎರಡನೇದು ಗೊತ್ತಿರೋರು ನಮ್ಮ ಕ್ಲಾಸಲ್ಲಿ ಮೂರು ಜನ. ಕೇಳಿ ನೋಡಿದೀನಿ.

⚽ ಭಾಗ 7

ಸೊರಬದ ಗೆಳೆಯ ಕೊನೆಗೂ ಉತ್ತರ ಕೊಟ್ಟ. "ಸರಿ ಕಣೋ, ಎರಡೂ ಸ್ಟೀಲ್ ಕಂಪನೀದೇ. ಆದ್ರೆ ಕಂಪನಿ ಕೈ ಬಿಟ್ರೆ?"

ಒಳ್ಳೇ ಪ್ರಶ್ನೆ. 2025ರ ಆಗಸ್ಟಲ್ಲಿ ಇದೇ ಆಯ್ತು. ಐಎಸ್‌ಎಲ್ ನಡೆಸೋ ಒಪ್ಪಂದ ಮುಂದುವರಿಯುತ್ತೋ ಇಲ್ವೋ ಅನ್ನೋದು ಇತ್ಯರ್ಥ ಆಗದೆ ಲೀಗೇ ಅತಂತ್ರ ಆದಾಗ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸ್ತು. ಕಿರಿಯರ ತಂಡಗಳು, ಮಕ್ಕಳ ತರಬೇತಿ ಶಾಲೆಗಳು ನಡೀತವೆ ಅಂತಲೂ ಹೇಳ್ತು. ಆವತ್ತು ಜೆರ್ಸಿ ಹಾಕ್ಕೊಳ್ಳೋಕೆ ಮನಸ್ಸಾಗಲಿಲ್ಲ, ನಿಜ ಹೇಳ್ತೀನಿ. ಇನ್ನೊಂದು ದೂರೂ ಇದೆ: ಟೀಮಲ್ಲಿ ಕನ್ನಡದ ಹುಡುಗರು ಯಾವತ್ತೂ ಬೆರಳೆಣಿಕೆ. ಗೌತಮಪುರದ ಗಲ್ಲಿಯಿಂದ ಕಂಠೀರವಕ್ಕೆ ನಡ್ಕೊಂಡೇ ಹೋಗಬಹುದು, ಆದ್ರೂ ಟೀಮಿನ ಒಳಗೆ ಹೋಗೋ ದಾರಿ ಉದ್ದ. ನಮ್ಮೂರಿಂದ ಇನ್ನೂ ಉದ್ದ.

ಕಾಶಿಮಾದಲ್ಲೂ ಕಂಪನಿ ಹೋಯ್ತು. ಸುಮಿತೊಮೊ 2012ರಲ್ಲಿ ನಿಪ್ಪಾನ್ ಸ್ಟೀಲ್ ಜೊತೆ ಸೇರ್ಕೊಂಡಿತು. 2019ರಲ್ಲಿ ಅವರು ಕ್ಲಬ್ಬಿನ ಹೆಚ್ಚಿನ ಪಾಲನ್ನ ಮರ್ಕಾರಿ ಅನ್ನೋ ಹಳೇ ಸಾಮಾನು ಮಾರೋ ಆ್ಯಪ್ ಕಂಪನಿಗೆ ಮಾರಿದ್ರು. ಉಕ್ಕಿನಿಂದ ಆ್ಯಪಿಗೆ! ಆದರೆ ಕ್ಲಬ್ಬು ಕಾಶಿಮಾದಲ್ಲೇ ಇದೆ. ಹೆಸರು ಅದೇ, ಜಿಂಕೆ ಕೊಂಬು ಅದೇ, ಕೂರೋ ಜನ ಅವರೇ.

ಅವನಿಗೆ ನಾನು ಬರೆದಿದ್ದು ಇಷ್ಟೇ: ಕಂಪನಿ ಕೈ ಬಿಟ್ಟ ದಿನ ಯಾರು ಉಳೀತಾರೋ ಅವರದ್ದು ಟೀಮು. ಕಾಶಿಮಾದವರಿಗೆ ಆ ಪರೀಕ್ಷೆ ಆಗಿದೆ, ನಮ್ಮವರದ್ದು ಈಗ ನಡೀತಿದೆ. ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದಿಂದ ನಾನೊಬ್ಬ ಲೆಕ್ಕಕ್ಕೆ ಬರ್ತೀನೋ ಇಲ್ವೋ ಗೊತ್ತಿಲ್ಲ.

ಅದಕ್ಕೆ ಅವನು ಮತ್ತೆ ಬರೆದ: "ಶಿವಮೊಗ್ಗದಿಂದ ರಾತ್ರಿ ರೈಲಿಗೆ ಹೋದ್ರೆ ಟಿಕೆಟ್ ಎಷ್ಟಾಗುತ್ತೆ? ಒಂದು ಮ್ಯಾಚ್ ನೋಡೋಣ. ಆದ್ರೆ ಆ ಯೂನಿಫಾರ್ಮ್ ನಾನು ಹಾಕಲ್ಲ."

ಮೂರನೆಯವರು ಯಾರಾದ್ರೂ ಬರ್ತೀರಾದ್ರೆ ಮೆಸೇಜ್ ಮಾಡಿ. ಮುಂದಿನ ಸರಣಿ ಬಳ್ಳಿಗಾವಿ. 💙

#ಬೆಂಗಳೂರುಎಫ್‌ಸಿ #ಕಾಶಿಮಾ #ಶಿಕಾರಿಪುರ #ಸೊರಬ #ಫುಟ್‌ಬಾಲ್‌ಇತಿಹಾಸ